ಕಣ್ಣಿರುವಾಗಲೇ ನೋಡಬೇಕಿದ್ದ ಕಣಿವೆ

ನನ್ನ ಗಂಡನ ಕಣ್ಣು ಹೋಗುತ್ತೆ ಅಂತ ಡಾಕ್ಟರು ಹೇಳಿದ ದಿನ ಡಬ್ಲಿನ್‌ನಲ್ಲಿ ಅಪರೂಪಕ್ಕೆ ಒಳ್ಳೇ ಬಿಸಿಲು ಬಿದ್ದಿತ್ತು. ಆ ಬಿಸಿಲಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ವರ್ಷವೆಲ್ಲಾ ಜಿಟಿಜಿಟಿ ಅಂತ ಅಳುವ ಊರು, ನಾವು ಅಳಬೇಕಾದ ದಿನ ಹಲ್ಲು ಕಿರಿದುಕೊಂಡು ಕೂತಿತ್ತು. ಜನ ಐಸ್‌ಕ್ರೀಮ್ ಹಿಡಿದುಕೊಂಡು ಕಾಲುವೆ ದಡದಲ್ಲಿ ಮಲಗಿದ್ದರು. ನಾವಿಬ್ಬರೂ ಅವರನ್ನು ದಾಟಿಕೊಂಡು ಟ್ರಾಮ್ ಹತ್ತಿದೆವು.

ಅದು ಕಣ್ಣಿನ ಒಳಪದರ ನಿಧಾನಕ್ಕೆ ಸಾಯುವ ಕಾಯಿಲೆ. ಮೊದಲು ಕತ್ತಲಲ್ಲಿ ಕಾಣೋದು ಹೋಗುತ್ತೆ, ಆಮೇಲೆ ಅಕ್ಕಪಕ್ಕದ್ದು, ಕೊನೆಗೆ ನಟ್ಟನಡುವೆ ಉಳಿದಿದ್ದೂ ಹೋಗುತ್ತೆ. ಔಷಧಿ ಇಲ್ಲ. ಎಷ್ಟು ವರ್ಷ ಇರುತ್ತೆ ಅಂತ ನಾನು ಕೇಳಿದೆ. ಡಾಕ್ಟರಮ್ಮ ಮೆತ್ತಗೆ, ಹೇಳೋಕಾಗಲ್ಲ, ಏನಾದರೂ ನೋಡಬೇಕು ಅಂತ ಆಸೆ ಇದ್ದರೆ ಮುಂದಕ್ಕೆ ಹಾಕಬೇಡಿ ಅಂದರು.

ಮನೆಗೆ ಬಂದು ಕಾಫಿ ಕೊಟ್ಟು, "ಏನ್ ನೋಡ್ಬೇಕು ಹೇಳಿ," ಅಂದೆ. ಹಿಮಾಲಯ ಅಂತಾರೆ, ಹೋಗಲಿ ಬೇಲೂರು ಹಳೇಬೀಡು ಅಂತಾರೆ ಅಂದುಕೊಂಡಿದ್ದೆ. ಈ ಮಹಾನುಭಾವರು "ಗ್ರ್ಯಾಂಡ್ ಕೆನ್ಯನ್" ಅಂದರು! ಮೈಸೂರಲ್ಲಿ ಅವರ ಮನೆ ಎದುರಿನ ಕಟಿಂಗ್ ಶಾಪಿನ ಗೋಡೆ ಮೇಲೆ ಒಂದು ಹಳೇ ಕ್ಯಾಲೆಂಡರಿನಲ್ಲಿ ಅಮೆರಿಕದ ಆ ಕೆಂಪು ಕಣಿವೆಯ ಚಿತ್ರ ಇತ್ತಂತೆ. ಯಾವ ವರ್ಷದ್ದೋ ಏನೋ, ದೇವರಿಗೇ ಗೊತ್ತು. ತಲೆ ಬಗ್ಗಿಸು ಅಂತ ಆ ಪುಣ್ಯಾತ್ಮ ತಲೆ ಮೇಲೆ ಮೊಟಕುತ್ತಿದ್ದರೂ ಇವರು ಕಣ್ಣೆತ್ತಿ ಅದನ್ನೇ ನೋಡುತ್ತಿದ್ದರಂತೆ. ಮದುವೆಯಾಗಿ ಅಷ್ಟು ವರ್ಷವಾದರೂ ಈ ಮಾತನ್ನು ನನ್ನ ಹತ್ತಿರ ಬಾಯಿ ಬಿಟ್ಟಿರಲಿಲ್ಲ. ನಾನು ಒಂದು ದಿನದಲ್ಲಿ ಆಡುವ ಮಾತನ್ನು ಅವರು ಒಂದು ತಿಂಗಳು ಇಟ್ಟುಕೊಂಡು ಆಡುವವರು, ಏನು ಮಾಡೋದು.

ಟೂರ್ ಬುಕ್ ಮಾಡಿದ್ದು ನಾನೇ. ಬಸ್ಸಲ್ಲಿ ಕರೆದುಕೊಂಡು ಹೋಗ್ತಾರೆ. ಒಂದು ದಿನ ಮರುಭೂಮಿಯ ನಡುವಿನ ಒಂದು ವಿಚಿತ್ರ ಊರು, ಮಾರನೇ ದಿನ ಕೆನ್ಯನ್. ಅಮೆರಿಕದ ವೀಸಾ ಹಿಂದೆ ಅವರ ಆಫೀಸಿನ ಕೆಲಸಕ್ಕೆ ಅಂತ ಇಬ್ಬರಿಗೂ ಆಗಿತ್ತು. ಏಪ್ರಿಲ್‌ನಲ್ಲಿ ಹೊರಡೋದು ಅಂತ ಸೂಟ್‌ಕೇಸನ್ನು ಮಂಚದ ಕೆಳಗಿಂದ ತೆಗೆದೂ ಇಟ್ಟಿದ್ದೆ. ಅಷ್ಟರಲ್ಲಿ ಆ ಹಾಳು ಕೊರೋನ ವಕ್ಕರಿಸಿತು. ವಿಮಾನ ನಿಂತವು, ನಾನು ಕೆಲಸ ಮಾಡ್ತಿದ್ದ ಮಕ್ಕಳ ಕ್ರೆಶ್ ಬಾಗಿಲು ಹಾಕಿತು, ಮನೆಯಿಂದ ಎರಡು ಕಿಲೋಮೀಟರ್ ಆಚೆ ಕಾಲಿಡಬೇಡಿ ಅಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ.

ಎಲ್ಲರಿಗೂ ಲಾಕ್‌ಡೌನ್ ಅಂದ್ರೆ ಬೇಜಾರು, ಬ್ರೆಡ್ ಬೇಯಿಸೋದು, ವಿಡಿಯೋ ಕಾಲಲ್ಲಿ ಅಂತ್ಯಾಕ್ಷರಿ. ನಮಗೆ ಅದೊಂದು ಗಡಿಯಾರ. ದೇಶದ ಬಾಗಿಲು ಮೊದಲು ತೆಗೆಯುತ್ತಾ, ಇವರ ಕಣ್ಣಿನ ಬಾಗಿಲು ಮೊದಲು ಮುಚ್ಚುತ್ತಾ, ಇಷ್ಟೇ. ಟೀವಿಯಲ್ಲಿ ಮಂತ್ರಿಗಳು ಬಂದು ಇನ್ನೂ ಮೂರು ವಾರ ಅಂದಾಗೆಲ್ಲ ನಾನು ರಿಮೋಟ್ ಎಸೆಯುತ್ತಿದ್ದೆ. ಕಣ್ಣಿನ ಆಸ್ಪತ್ರೆಯವರು ಫೋನಲ್ಲೇ ವಿಚಾರಿಸಿಕೊಳ್ಳುತ್ತಿದ್ದರು. ಅವರದ್ದೇನೂ ತಪ್ಪಿಲ್ಲ, ಪಾಪ, ಯಾರನ್ನೂ ಒಳಗೆ ಬಿಡುವ ಹಾಗಿರಲಿಲ್ಲ. ಆದರೂ ಫೋನಲ್ಲಿ ಕಣ್ಣು ಪರೀಕ್ಷೆ ಅಂದ್ರೆ ಏನ್ರೀ ಅರ್ಥ! "ಹೇಗಿದೆ ಈಗ?" ಅಂತ ಅವರು ಕೇಳೋರು. ಇವರು ಚೆನ್ನಾಗಿದೆ ಅನ್ನೋದಕ್ಕೆ ಐರಿಶ್ ಜನರ ಹಾಗೆ "ಗ್ರ್ಯಾಂಡ್, ಗ್ರ್ಯಾಂಡ್" ಅಂದು ಫೋನ್ ಇಡೋರು.

ಕೊರೋನ ಒಂದು ಉಪಕಾರ ಮಾಡಿತು ಅಂತ ಆಗ ನಾವಿಬ್ಬರೂ ಅಂದುಕೊಂಡಿದ್ದೆವು. ಇವರ ಆಫೀಸು ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ. ಅಲ್ಲಿಗೆ ದಿನಾ ಹೋಗುತ್ತಿದ್ದರೆ ಯಾವತ್ತೋ ಮೆಟ್ಟಿಲು ತಪ್ಪಿ, ಯಾರಿಗೋ ಡಿಕ್ಕಿ ಹೊಡೆದು ವಿಷಯ ಬಯಲಾಗುತ್ತಿತ್ತು. ಮನೆಯಿಂದ ಕೆಲಸ ಅಂದ ಮೇಲೆ ಕೇಳೋರು ಯಾರು? ಟೀವಿಯಷ್ಟು ದೊಡ್ಡ ಮಾನಿಟರ್ ತಂದುಕೊಂಡರು. ಅದರಲ್ಲಿ ಅಕ್ಷರ ಅಂಗಡಿ ಬೋರ್ಡಿನಷ್ಟು ದಪ್ಪ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಕಂಪ್ಯೂಟರ್ರೇ ಓದಿ ಹೇಳುವುದನ್ನು ಕೇಳಿಸಿಕೊಂಡು ಕೆಲಸ ಮುಗಿಸುತ್ತಿದ್ದರು. ಹೇಳಿದರೆ ಕೆಲಸ ಹೋಗುತ್ತೇನೋ, ಕೆಲಸ ಹೋದರೆ ಪರ್ಮಿಟ್ಟು, ಪರ್ಮಿಟ್ ಹೋದರೆ ಗಂಟುಮೂಟೆ ಕಟ್ಟೋದು ಅಂತ ನಮಗೆ ಹೆದರಿಕೆ. ಕಂಪನಿಯವರು ಒಳ್ಳೆಯವರೋ ಕೆಟ್ಟವರೋ ನಾವು ಕೇಳಿ ನೋಡಿದ್ದರೆ ತಾನೇ ಗೊತ್ತಾಗೋದು.

ಸಂಜೆ ಹೊತ್ತು ಕಾಲುವೆ ಪಕ್ಕ ನಡೆಯಲು ಹೋಗುತ್ತಿದ್ದೆವು. ನನ್ನ ತೋಳು ಹಿಡಿದುಕೊಂಡು ಬರುತ್ತಿದ್ದರು. ನೋಡಿದವರು ಎಂಥ ಅನ್ಯೋನ್ಯ ದಂಪತಿ ಅಂದುಕೊಂಡಿರಬೇಕು. ಮೋಡದ ದಿನವೂ ಕಪ್ಪು ಕನ್ನಡಕ ಹಾಕುತ್ತಿದ್ದರು, ಬೆಳಕು ಚುಚ್ಚುತ್ತೆ ಅಂತ. ಒಂದೊಂದು ಸಲ ಮಾತು ಶುರು ಮಾಡೋರು. "ಅಕಸ್ಮಾತ್ ಪೂರ್ತಿ ಹೋದ್ರೆ ಕಣೇ..." ಅಷ್ಟು ಕೇಳಿದರೆ ಸಾಕು, "ಬಿಡ್ತು ಅನ್ನಿ!" ಅಂತಿದ್ದೆ. ನಮ್ಮ ಮನೆಯಲ್ಲಿ ಹಾಗೇ. ಯಾರ ಬಾಯಲ್ಲಾದರೂ ಕೆಟ್ಟ ಮಾತು ಬಂದರೆ ಬಿಡ್ತು ಅನ್ನಿಸಿಯೇ ಮುಂದಿನ ಮಾತು. ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಆಡಿದ್ದನ್ನು ಕೇಳಿಸಿಕೊಂಡು ಅಸ್ತು ಅಂದುಬಿಟ್ಟರೆ? ಆ ದೇವತೆಗಳು ಐರ್ಲೆಂಡಿಗೂ ಬರ್ತಾರಾ ಅಂತ ಇವರು ಒಮ್ಮೆ ತಮಾಷೆ ಮಾಡಿದ್ದರು. ಅದಕ್ಕೂ ಬಿಡ್ತು ಅನ್ನಿಸಿದ್ದೆ. ಇವರು "ಬಿಡ್ತು" ಅನ್ನೋರು. ಅಲ್ಲಿಗೆ ಮಾತು ಮುಗಿಯೋದು.

ಆ ವರ್ಷದ ಚಳಿಗಾಲ ಇನ್ನೂ ಕೆಟ್ಟದ್ದು. ಮಧ್ಯಾಹ್ನ ನಾಲ್ಕಕ್ಕೇ ಕತ್ತಲು, ಹೊರಗೆ ಐದು ಕಿಲೋಮೀಟರಿನ ಬೇಲಿ, ಊರಿಂದ ಬರುವ ಫೋನಲ್ಲೆಲ್ಲಾ ಯಾರೋ ಹೋದ ಸುದ್ದಿ. ಬರಗಾಲದಲ್ಲಿ ಅಧಿಕ ಮಾಸ ಅನ್ನೋ ಹಾಗೆ ನನ್ನ ಕ್ರೆಶ್ ತೆರೆಯೋದು ಮುಚ್ಚೋದು ಮಾಡುತ್ತಿತ್ತು. ನಾನು ಕುರ್ಚಿ ಸ್ವಲ್ಪ ಸರಿಸಿದರೂ ಇವರು ರೇಗುತ್ತಿದ್ದರು. ಮಾತೇ ಕಡಿಮೆ ಇರುವ ಮನುಷ್ಯನಿಗೆ ಕುರ್ಚಿ ವಿಷಯಕ್ಕೆ ಕೋಪ! ಮನೇಲೇ ಕೂತು ಕೂತು ತಲೆ ಕೆಟ್ಟಿದೆ ಅಂತ ನಾನು ಸುಮ್ಮನಾದೆ. "ಕಣ್ಣು ಹೇಗಿದೆ?" ಅಂದರೆ, "ಗ್ರ್ಯಾಂಡ್ ಕಣೇ. ಎದುರಿಗಿರೋದು ಕಾಣುತ್ತೆ," ಅನ್ನೋರು. ನಡುವಿನದ್ದು ಕೊನೆಗೆ ಹೋಗೋದು ಅಂತ ಡಾಕ್ಟರೇ ಹೇಳಿದ್ದರಲ್ಲ, ಹಾಗಾಗಿ ನಂಬಿದೆ.

ಲಸಿಕೆ ಹಾಕಿಸಿಕೊಂಡವರು ಬರಬಹುದು ಅಂತ ಅಮೆರಿಕ ಬಾಗಿಲು ತೆಗೆದಾಗ ಇನ್ನೊಂದು ಚಳಿಗಾಲ ಶುರುವಾಗಿತ್ತು. ಬೇಸಿಗೆವರೆಗೆ ಕಾಯೋಣ್ವಾ ಅಂತ ಇವರು ಕೇಳಿದರು. "ಕಾದಿದ್ದು ಸಾಕು, ಇನ್ನೊಂದು ಹೊಸ ಅಲೆ ಬಂದು ಮತ್ತೆ ಬಾಗಿಲು ಹಾಕಿದ್ರೆ?" ಅಂತ ನಾನೇ ಹಟ ಹಿಡಿದೆ. ಮೂಗಿಗೆ ಕಡ್ಡಿ ತೂರಿಸಿಕೊಂಡು, ಇಬ್ಬರಿಗೂ ನೆಗೆಟಿವ್ ಅಂತ ಬಂದ ಮೇಲೆ ದೇವರಿಗೆ ತುಪ್ಪದ ದೀಪ ಹಚ್ಚಿ ಹೊರಟೆವು.

ಮರುಭೂಮಿಯ ಆ ಊರು ನಿಜವಾಗಿಯೂ ವಿಚಿತ್ರ. ಹಿಂದೆ ಚಿನ್ನದ ಗಣಿ ಇತ್ತಂತೆ. ಚಿನ್ನ ಮುಗಿದ ಮೇಲೆ ಜನ ಗುಳೆ ಎದ್ದು ಹೋದರು, ಮಣ್ಣು ಹೊತ್ತ ಕತ್ತೆಗಳನ್ನು ಅಲ್ಲೇ ಬಿಟ್ಟು. ಈಗ ಆ ಕತ್ತೆಗಳ ಮಕ್ಕಳು ಮೊಮ್ಮಕ್ಕಳೇ ಊರಿನ ಯಜಮಾನರು. ಇರೋದು ಒಂದೇ ಬೀದಿ. ಅದರ ನಟ್ಟನಡುವೆ ನಿಂತಿರುತ್ತವೆ, ಅಂಗಡಿಯೊಳಗೆ ತಲೆ ಹಾಕುತ್ತವೆ, ಕಾರಿನವರು ಕೈಮುಗಿದು ಕಾಯಬೇಕು. ಕೌಬಾಯ್ ಟೋಪಿ ಹಾಕಿದ ಇಬ್ಬರು ಮುದುಕರು ಸುಳ್ಳು ಸುಳ್ಳೇ ಗುಂಡು ಹಾರಿಸಿ ಸತ್ತುಬಿದ್ದು, ಎದ್ದು ಚಿಲ್ಲರೆ ಕೇಳಿದರು. ನಮ್ಮೂರಲ್ಲಿ ಇದಕ್ಕಿಂತ ಚೆನ್ನಾಗಿ ಸಾಯ್ತಾರೆ ಅಂದೆ ನಾನು.

ನಾನು ಅಂಗಡಿಯೊಳಗೆ ಫ್ರಿಜ್ಜಿಗೆ ಅಂಟಿಸೋ ಒಂದು ಮ್ಯಾಗ್ನೆಟ್ ಕೊಳ್ಳುತ್ತಾ ನಿಂತಿದ್ದಾಗ ಹೊರಗೆ ನಗು ಕೇಳಿಸಿತು. ತಿರುಗಿ ನೋಡಿದರೆ ಇವರು ಒಂದು ದೊಡ್ಡ ಕತ್ತೆಗೆ ಎದುರಾಗಿ ನಿಂತಿದ್ದಾರೆ. ಅದಕ್ಕೆ ಡಿಕ್ಕಿ ಹೊಡೆದು, ಡಬ್ಲಿನ್‌ನಲ್ಲಿ ಕಲಿತ ಸಭ್ಯತೆಯಿಂದ, "ಸಾರಿ, ಸಾರಿ, ಯೂ ಗೋ ಅಹೆಡ್," ಅಂತಿದ್ದಾರೆ. ಬಸ್ಸಿನವರೆಲ್ಲಾ ಬಿದ್ದು ಬಿದ್ದು ನಗುತ್ತಿದ್ದರು. ಎಂಥ ರಸಿಕನಪ್ಪ ಈ ಇಂಡಿಯನ್, ಕತ್ತೆಗೂ ದಾರಿ ಬಿಡ್ತಾನೆ ಅಂತ. ನಾನೂ ಮಾಸ್ಕಿನೊಳಗೇ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಇವರು ಕೈ ಚಾಚಿ ಅದರ ಕಿವಿ ಮುಟ್ಟಿ, ಆಮೇಲೆ ತಾವೂ ನಕ್ಕು ಕತ್ತೆಯ ಕತ್ತು ಸವರಿದರು. ಬಸ್ ಹತ್ತುವಾಗ ಅವರ ಕೈ ತಣ್ಣಗಿತ್ತು. ಚಳಿ ಅಂದರು.

ಮಾರನೇ ದಿನ ಕೆನ್ಯನ್. ಬಸ್ಸಿನ ದಾರಿಯುದ್ದಕ್ಕೂ ಪೈನ್ ಮರಗಳ ಕೆಳಗೆ ಹಿಮ ಬಿದ್ದಿತ್ತು. ಗೈಡು ಮೈಕಿನಲ್ಲಿ, ಆಕಾಶ ಚೆನ್ನಾಗಿ ತೆರೆದಿದೆ, ನೀವು ಅದೃಷ್ಟವಂತರು ಅಂದ. ಇಳಿದವರೆಲ್ಲಾ ಅಂಚಿಗೆ ಓಡಿದರು. "ಓ ಮೈ ಗಾಡ್!" ಅಂತ ಕೂಗಿದ್ದು ನಮಗೆ ಕೇಳಿಸಿತು. ಇವರಿಗೆ ಬಾತ್‌ರೂಮಿಗೆ ಹೋಗಬೇಕಿತ್ತು, ಅಲ್ಲಿ ನೋಡಿದರೆ ಹನುಮಂತನ ಬಾಲದಷ್ಟು ಕ್ಯೂ. "ನೀನು ಹೋಗಿ ನೋಡು," ಅಂದರು. "ಏನ್ ಮಾತು ಅಂತ ಆಡ್ತೀರಿ, ಇಬ್ಬರೂ ಒಟ್ಟಿಗೇ ನೋಡೋದು," ಅಂದೆ. ಅವರು ಹೊರಬಂದ ಮೇಲೆ ತೋಳು ಹಿಡಿದುಕೊಂಡು, ಹೆಪ್ಪುಗಟ್ಟಿದ ದಾರಿಯಲ್ಲಿ ಮದುಮಕ್ಕಳ ಹಾಗೆ ಹೆಜ್ಜೆ ಎಣಿಸಿಕೊಂಡು ಹೊರಟೆವು. ಎರಡು ವರ್ಷದಿಂದ ನಾನು ದೇವರ ಹತ್ತಿರ ಬೇರೆ ಏನನ್ನೂ ಕೇಳಿರಲಿಲ್ಲ.

ಕಂಬಿಯ ಹತ್ತಿರ ಬಂದು ನೋಡಿದರೆ ಏನೂ ಇಲ್ಲ.

ಬರೀ ಮಂಜು. ನಾವು ಕ್ಯೂನಲ್ಲಿ ನಿಂತಿದ್ದಷ್ಟು ಹೊತ್ತಿನಲ್ಲಿ ಕಣಿವೆಯೊಳಗಿಂದ ಎದ್ದು ಅಂಚಿನವರೆಗೂ ತುಂಬಿಕೊಂಡಿತ್ತು. ಉಕ್ಕಿದ ಹಾಲಿನ ಹಾಗೆ, ಕಂಬಿಯಾಚೆ ಒಂದು ಮಾರು ಕೂಡ ಕಾಣದ ಹಾಗೆ. ನಮ್ಮ ಬಸ್ಸಿನವರು ಯಾವಾಗಲೋ ಕಾಫಿಗೆ ಹೋಗಿದ್ದರು, ಹತ್ತಿರದಲ್ಲಿ ಒಂದು ನರಪಿಳ್ಳೆ ಇಲ್ಲ. ಅಯ್ಯೋ ಕರ್ಮವೇ, ಇಷ್ಟು ದೂರ ಬಂದು ಇದೇನು ಗ್ರಹಚಾರ ಅಂತ ಬಾಯಿ ತೆಗೆಯಬೇಕು, ಅಷ್ಟರಲ್ಲಿ ಇವರು ಒಂದು ದೀರ್ಘ ಉಸಿರು ತೆಗೆದುಕೊಂಡರು.

"ಅಬ್ಬಾ! ಏನ್ ಕೆಂಪು ಕಣೇ!"

ನಾನು ತಿರುಗಿ ಅವರ ಮುಖ ನೋಡಿದೆ. ಕಪ್ಪು ಕನ್ನಡಕ, ನಗು ಅರಳಿದ ತುಟಿ.

"ಪದರ ಪದರವಾಗಿ ಹೆಂಗಿದೆ ನೋಡು. ಯಾರೋ ಕೂತು ಜೋಡಿಸಿದ ಹಾಗೆ," ಅಂದು ಮಂಜಿನ ಕಡೆ ಕೈ ಚಾಚಿ ತೋರಿಸಿದರು. "ಅಗೋ, ಕೆಳಗೆ ನದಿ. ಕಾಣ್ತಾ ನಿಂಗೆ?"

ಹೂಂ ಅಂದುಬಿಡಬಹುದಿತ್ತು. ಅಂದಿದ್ದರೆ ಅವತ್ತು ಇಬ್ಬರೂ ಸಂತೋಷವಾಗಿ ಕಾಫಿ ಕುಡಿದು ವಾಪಸ್ ಬರುತ್ತಿದ್ದೆವು. ಆದರೆ ಅವರ ಚಾಚಿದ ಕೈ ನೋಡುತ್ತಾ ನೋಡುತ್ತಾ ನನ್ನ ಕೈಲಿ ತಡೆಯೋಕೆ ಆಗಲಿಲ್ಲ.

"ರೀ," ಅಂದೆ. "ಅಲ್ಲೇನೂ ಇಲ್ಲ ರೀ. ಮಂಜು ಕವಿದಿದೆ."

"ಮಂಜಾ?"

"ಪೂರ್ತಿ ಮಂಜು. ನನಗೂ ಏನೂ ಕಾಣ್ತಿಲ್ಲ."

ಕೈ ಕೆಳಗಿಳಿಯಿತು. ಕಂಬಿಯನ್ನು ತಡಕಿ ಹಿಡಿದುಕೊಂಡರು.

"ಇದು ನನ್ನ ಕಣ್ಣಿನ ದೋಷ ಅಂದ್ಕೊಂಡೆ," ಅಂದರು. "ಹೊರಗೆ ಬೆಳಕಿಗೆ ಬಂದ್ರೆ ನಂಗೆ ಹೀಗೇ ಇರುತ್ತೆ. ಎಲ್ಲಾ ಬೆಳ್ಳಗೆ."

"ಯಾವಾಗಿಂದ?"

"ಹೋದ ಚಳಿಗಾಲದಿಂದ."

ನಾನು ಲೆಕ್ಕ ಹಾಕಿದೆ. ಅಂದರೆ ಟಿಕೆಟ್ ತೆಗೆಯುವಾಗಲೇ ಗೊತ್ತಿತ್ತು. ವಿಮಾನದಲ್ಲಿ ನಾನು ಗೈಡ್ ಪುಸ್ತಕದ ಚಿತ್ರ ತೋರಿಸಿ ಇದು ನೋಡಿ, ಅದು ನೋಡಿ ಅಂತ ಬಡಬಡಿಸುವಾಗಲೂ ಗೊತ್ತಿತ್ತು. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಮತ್ತೆ ಯಾಕ್ರೀ ಬಂದ್ವಿ? ಏನೂ ಕಾಣಲ್ಲ ಅಂತ ಗೊತ್ತಿದ್ದೂ ಯಾಕ್ರೀ ಇಷ್ಟು ದೂರ ಬಂದ್ವಿ?" ಅಂತ ಕಿರುಚಿದೆ. ಮಾಸ್ಕ್ ಕಿತ್ತು ಕೋಟಿನ ಜೇಬಿಗೆ ತುರುಕಿದೆ.

"ನೀನು ಎರಡು ವರ್ಷ ಇದೊಂದನ್ನೇ ಹಿಡ್ಕೊಂಡು ಬದುಕಿದ್ದೆ," ಅಂದರು, ಎಂದಿನ ಮೆತ್ತನೆ ದನಿಯಲ್ಲಿ. "ಬೇಡ ಅನ್ನೋಕೆ ನಂಗೆ ಬಾಯಿ ಬರಲಿಲ್ಲ."

ನಾನು ಆ ಕಂಬಿಗೆ ಹಣೆ ಒತ್ತಿಕೊಂಡು ಗೊಳೋ ಅಂತ ಅತ್ತೆ. ಡಾಕ್ಟರ ಹತ್ತಿರ ಅತ್ತಿರಲಿಲ್ಲ, ಲಾಕ್‌ಡೌನಿನಲ್ಲಿ ಅತ್ತಿರಲಿಲ್ಲ, ಅದೆಲ್ಲಾ ಒಟ್ಟಿಗೇ ಬಂತು. ಇವರು ತಡವರಿಸಿ ನನ್ನ ಬೆನ್ನು ಹುಡುಕಿಕೊಂಡು ಸವರತೊಡಗಿದರು. ವಾಪಸ್ ಹೋದ ಮೇಲೆ ಆಫೀಸಲ್ಲಿ ಹೇಳಿಬಿಡ್ತೀನಿ ಅಂದರು, ಆಗಿದ್ದಾಗಲಿ ಅಂದರು. ದೂರದಲ್ಲಿ ಗೈಡು ಕೈಯೆತ್ತಿ, ಇನ್ನು ಸ್ವಲ್ಪವೇ ಸಮಯ ಇದೆ ಅಂತ ಕೂಗಿದ. ನಾನು ಕಣ್ಣೊರೆಸಿಕೊಂಡು, "ನಡೀರಿ, ಬಸ್ಸಿಗೆ ಹೋಗೋಣ," ಅಂತ ಅವರ ತೋಳು ಹಿಡಿದೆ.

ಅವರು ಕದಲಲಿಲ್ಲ. ಮುಖವನ್ನು ಮಂಜಿನ ಕಡೆಗೇ ಇಟ್ಟುಕೊಂಡು ನಿಂತಿದ್ದರು.

"ಇನ್ನೊಂದು ಐದು ನಿಮಿಷ ನಿಲ್ಲೋಣ ಕಣೇ," ಅಂದರು. "ಮಂಜು ಹೋದ್ರೂ ಹೋಗಬಹುದು. ನೀನಾದ್ರೂ ನೋಡು."