ಹಿಟ್ಟಿಗೆ ಕೈ ಹಾಕಿದ ಹೊಸಬಳು

ಆಗ ನನಗೆ ಹದಿನೆಂಟು. ಅರವತ್ತು ವರ್ಷದ ಮೇಲಾಯಿತು, ಸರಿಯಾಗಿ ಲೆಕ್ಕ ಇಟ್ಟಿಲ್ಲ. ಹರಿಹರದಿಂದ ದಾವಣಗೆರೆಗೆ ಸೊಸೆಯಾಗಿ ಬಂದ ಮೇಲೆ ಅದು ನನ್ನ ಮೊದಲ ಕ್ರಿಸ್ಮಸ್ಸು.

ಚರ್ಚಿಗೆ ಬರುವ ಮನೆಗಳನ್ನೆಲ್ಲ ಸೇರಿಸಿ ಸಭೆ ಅನ್ನುತ್ತಿದ್ದೆವು. ದಾವಣಗೆರೆಯ ಸಭೆ ಚಿಕ್ಕದು. ಗಂಡಸರಲ್ಲಿ ಹೆಚ್ಚಿನವರು ಹತ್ತಿ ಮಿಲ್ಲಿನವರು. ಅವರ ಅಜ್ಜಂದಿರು ಯಾವ್ಯಾವುದೋ ಊರಿನಿಂದ ಬಂದು ನೆಲೆ ನಿಂತವರು. ಮೊಮ್ಮಕ್ಕಳು ಮಾತ್ರ ತಾವು ಈ ನೆಲದಲ್ಲೇ ಮೊಳೆತವರ ಹಾಗೆ ಹಳಬರು ಅಂದುಕೊಳ್ಳುತ್ತಿದ್ದರು. ನನ್ನ ಮಾವ ಸಭೆಯ ಹಿರಿಯರಲ್ಲಿ ಒಬ್ಬರು, ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದರು. ಸಮಾಧಿ ಜಾಗದ ಬೀಗದ ಕೈ ಅವರ ಉಡಿದಾರದಲ್ಲೇ ಇರುತ್ತಿತ್ತು. ಅತ್ತೆಯದು ಹೆಂಗಸರ ದರಬಾರು. ಮದುವೆಗೆ ಒಲೆ ಹಚ್ಚುವುದಿರಲಿ, ಸತ್ತವರನ್ನು ತೊಳೆಯುವುದಿರಲಿ, ಅವಳು ಎದ್ದು ಸೆರಗು ಸಿಕ್ಕಿಸಿದ ಮೇಲೇ ಬೇರೆಯವರು ಏಳಬೇಕು.

ಕ್ರಿಸ್ಮಸ್ಸಿನ ಹಿಂದಿನ ದಿನ ಇಡೀ ಸಭೆಯ ಕರ್ಜಿಕಾಯಿ ನಮ್ಮ ಹಿತ್ತಲಲ್ಲೇ ಆಗುತ್ತಿತ್ತು. ಆ ವರ್ಷ ಹೊಸದಾಗಿ ಸೇರಿದ ಮನೆ ಇದ್ದರೆ ಆ ಮನೆಯ ಹೆಂಗಸು ಬಂದು ಹಿಟ್ಟು ನಾದಬೇಕು. ಅದಕ್ಕೆ ಹಿಟ್ಟಿಗೆ ಕೈ ಹಾಕುವುದು ಅನ್ನುತ್ತಿದ್ದರು. ಅವಳು ನಾದಿದ್ದನ್ನು ಮರುದಿನ ಎಲ್ಲರೂ ತಿಂದರೆ ಅವಳ ಮನೆ ಸಭೆಯ ಮನೆ. ಅಲ್ಲಿಂದ ಮುಂದೆ ಅವರನ್ನು ಮದುವೆಗೆ ಕರೆಯಬೇಕು, ಸತ್ತರೆ ನಮ್ಮ ಸಮಾಧಿ ಜಾಗದಲ್ಲಿ ನೆಲ ಕೊಡಬೇಕು. ಕೈ ಹಾಕದವರು ಚರ್ಚಿನಲ್ಲಿ ಹಿಂದೆ ಕೂತು ಹಾಡಿಕೊಂಡು ಹೋಗಬಹುದು, ಅಷ್ಟೇ. ದೀಕ್ಷಾಸ್ನಾನ ಪಾದ್ರಿ ಕೊಡುತ್ತಿದ್ದರು, ಒಳಗೆ ಬಿಟ್ಟುಕೊಳ್ಳುವುದು ನಮ್ಮ ಅತ್ತೆಯ ಕೈಯಲ್ಲಿತ್ತು. ಹರಿಹರದಲ್ಲಿ ನಾವು ಇಂಥದ್ದೇನೂ ಕಂಡಿಲ್ಲ ಅಂತ ಒಮ್ಮೆ ಅಂದೆ. ಹರಿಹರದಾಗೆ ಹೊಳೆ ಬಿಟ್ರೆ ಏನೈತೆ ಅಂದು ನನ್ನ ಬಾಯಿ ಮುಚ್ಚಿಸಿದಳು.

ಆ ವರ್ಷದ ಹೊಸಬರು ಕೊಂಡಜ್ಜಿ ಕಡೆಯ ಒಂದು ಹಳ್ಳಿಯವರು. ಗಂಡ, ಹೆಂಡತಿ, ಇನ್ನೂ ಅಂಬೆಗಾಲಿಡದ ಒಂದು ಹೆಣ್ಣು ಕೂಸು. ಊರಿಗೆ ಬಂದು ಹೋಗುತ್ತಿದ್ದ ಉಪದೇಶಿಯ ಮಾತು ಕೇಳಿ ಮತ ಬದಲಿಸಿದ್ದರು. ಗಂಡನ ಅಣ್ಣತಮ್ಮಂದಿರು ಬಾವಿ ನೀರು ನಿಲ್ಲಿಸಿದರು. ಅವನ ಅಪ್ಪ ಸತ್ತಾಗ ಮಣ್ಣು ಹಾಕಲಿಕ್ಕೂ ಬಿಡಲಿಲ್ಲ, ಇನ್ನು ನೀವು ಸತ್ತರೂ ಈ ಊರ ಮಣ್ಣು ಕೇಳಬೇಡಿ ಅಂದರು. ಗಂಟು ಕಟ್ಟಿಕೊಂಡು ದಾವಣಗೆರೆಗೆ ಬಂದು ಮಿಲ್ಲಿನ ಹಿಂದೆ ಒಂದು ತಗಡಿನ ಶೆಡ್ಡಿನಲ್ಲಿ ಇದ್ದರು. ಗಂಡನಿಗೆ ಬದ್ಲಿ ಕೆಲಸ ಸಿಕ್ಕಿತ್ತು. ಖಾಯಂ ಆದವರು ರಜೆ ಹಾಕಿದ ದಿನ ಅವರ ಜಾಗಕ್ಕೆ ನಿಲ್ಲುವುದು. ಕರೆದ ದಿನ ಹೋಗದಿದ್ದರೆ ಮತ್ತೆ ಕರೆಯುತ್ತಿರಲಿಲ್ಲ.

ಇವಳನ್ನು ಹಿಟ್ಟಿಗೆ ಬಿಡಬೇಕೋ ಬೇಡವೋ ಅಂತ ನಮ್ಮ ಹೆಂಗಸರು ಹಬ್ಬಕ್ಕೆ ಎಷ್ಟೋ ದಿನ ಮುಂಚಿನಿಂದ ಮಾತಾಡಿದರು. ಹಳ್ಳಿಯವಳು, ಎಂಥ ಮನೆಯೋ ಏನೋ ಅಂತ ಒಬ್ಬಳು. ಒಂದು ವರ್ಷ ನೋಡೋಣ ಅಂತ ಇನ್ನೊಬ್ಬಳು. ಕೊನೆಗೆ ಅತ್ತೆಯೇ, ಆಗಲಿ, ಬರಲಿ ಅಂದಳು. ಪ್ರೀತಿಯಿಂದೇನಲ್ಲ. ಆ ಹೊಸಬಳ ತೋಳು ಗಟ್ಟಿಯಾಗಿದ್ದವು, ಅಷ್ಟು ಹಿಟ್ಟು ನಾದಲಿಕ್ಕೆ ನಮ್ಮವರಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಮರುದಿನದ ಆರಾಧನೆಯಲ್ಲಿ ಅವಳನ್ನು ಮುಂದೆ ನಿಲ್ಲಿಸಿ ಚೆಂಡುಹೂವಿನ ಹಾರ ಹಾಕುವುದು ಅಂತಲೂ ತೀರ್ಮಾನವಾಯಿತು.

ಆ ದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಬಾ ಅಂತ ಅತ್ತೆ ನನ್ನನ್ನು ಕಳಿಸಿದಳು. ಚಳಿ ಬಹಳ ಇತ್ತು. ಹತ್ತಿ ಗಾಡಿಗಳಿಂದ ಹಾರಿದ ಅರಳೆ ದಾರಿಯ ಜಾಲಿ ಮುಳ್ಳಿಗೆಲ್ಲ ಸಿಕ್ಕಿಕೊಂಡಿತ್ತು. ಶೆಡ್ಡಿನ ಬಾಗಿಲು ದೂಡಿದೆ. ಗಂಡ ಗೋಡೆಗೆ ಒರಗಿ ಕೂತಿದ್ದ, ತಲೆ ಎತ್ತಲಿಲ್ಲ. ಅವಳು ತಲೆ ಬಾಚಿಕೊಳ್ಳುತ್ತಿದ್ದಳು. ಕೂಸು ಕೌದಿಯ ಮೇಲೆ ಇತ್ತು, ಮುಖದ ಮೇಲೆ ಬಟ್ಟೆ ಹೊದಿಸಿತ್ತು. ಅದಕ್ಕೆ ಎದೆಯಲ್ಲಿ ಕಫ ಕಟ್ಟಿಕೊಂಡು ಉಸಿರು ಗೊರಗುಟ್ಟುವುದನ್ನು ಹಿಂದಿನ ಭಾನುವಾರ ಚರ್ಚಿನಲ್ಲಿ ಎಲ್ಲರೂ ಕೇಳಿದ್ದೆವು. ಈಗ ಆ ಸದ್ದು ಇರಲಿಲ್ಲ.

ಯಾವಾಗ ಅಂತ ಕೇಳಿದೆ. ಬೆಳಗಾಗೋಕೆ ಮುಂಚೆ ಅಂದಳು. ಬಾಚಣಿಗೆಯಲ್ಲಿ ಸಿಕ್ಕ ಕೂದಲು ಸುತ್ತಿ ಮೂಲೆಗೆ ಎಸೆದು ನನ್ನ ಕಡೆ ತಿರುಗಿದಳು.

"ನೀನು ಏನೂ ನೋಡಿಲ್ಲ ತಂಗಿ. ಹಿಟ್ಟಿಗೆ ಕೈ ಹಾಕಿ ಬರ್ತೀನಿ. ಈಗಲೇ ಹೇಳಿದ್ರೆ ನನ್ನ ಕೈಲಿ ಹಿಟ್ಟು ಮುಟ್ಟಸಂಗಿಲ್ಲ. ಮುಟ್ಟಿಸ್ಲಿಲ್ಲ ಅಂದ್ರೆ ಇದನ್ನ ಎಲ್ಲಿ ಮಣ್ಣು ಮಾಡ್ಲಿ?"

ನಾನು ಯಾರಿಗೂ ಹೇಳಲಿಲ್ಲ. ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಹೇಳಿದರೆ ಹಬ್ಬದ ಮುನ್ನಾದಿನ ಹಿತ್ತಲಲ್ಲಿ ಎಂಥ ಕೂಗಾಟ ಆಗುತ್ತದೆ ಅಂತ ಗೊತ್ತಿತ್ತು. ಅವಳು ಕೇಳಿದ್ದು ಒಂದು ಮೊಳದಷ್ಟು ನೆಲ. ಅದು ಸಿಗಲಿ ಅನಿಸಿತು.

ಹಿತ್ತಲಲ್ಲಿ ದೊಡ್ಡ ಪರಾತದಲ್ಲಿ ಹಿಟ್ಟು ಸುರಿದಿತ್ತು. ಅವಳು ಕೈಕಾಲು ತೊಳೆದುಕೊಂಡು, ಮಂಡಿ ಊರಿ ಕೂತು, ಬಿಸಿ ತುಪ್ಪ ಹಾಕಿ ನಾದಿದಳು. ನಾದಿದಳು ಅಂದರೆ ಯಾರ ಮೇಲೋ ಸಿಟ್ಟಿದ್ದ ಹಾಗೆ ಗುದ್ದಿದಳು. ಹೆಂಗಸರು ಸುತ್ತ ಕೂತು ಕೊಬ್ಬರಿ ತುರಿಯುತ್ತಾ ಅವಳ ಊರು, ಅವಳ ಮಾತು, ಅವಳು ಸೀರೆ ಉಟ್ಟ ರೀತಿ ಎಲ್ಲವನ್ನೂ ಆಡಿಕೊಂಡರು. ಹೊಸಬಳಿಗೆ ಅದೂ ಒಂದು ಶಾಸ್ತ್ರ. ಅವಳು ತಲೆ ಬಗ್ಗಿಸಿ ನಗುವ ಹಾಗೆ ಮಾಡುತ್ತಿದ್ದಳು.

ಬಿಸಿಲು ಏರಿದ ಮೇಲೆ ಅವಳ ರವಿಕೆ ಒದ್ದೆಯಾಯಿತು. ಬೆವರಲ್ಲ, ಹಾಲು. ನೋಡಿದವಳೊಬ್ಬಳು ನಕ್ಕಳು.

"ಏನವ್ವ, ಹಿಟ್ಟಿಗೆ ಹಾಲೂ ಹಾಕ್ತೀಯೇನು? ಹೋಗು, ಕೂಸಿಗೆ ಕುಡಿಸಿ ಬಾ."

"ಮಲಗೈತ್ರಿ," ಅಂದಳು. "ಅವರಪ್ಪ ಅದಾನೆ."

ಸ್ವಲ್ಪ ಹೊತ್ತು ಬಿಟ್ಟು ಇನ್ನೊಬ್ಬಳೂ ಅದನ್ನೇ ಅಂದಳು. ಇವಳು ಸೆರಗು ಎಳೆದುಕೊಂಡು ಮತ್ತೆ ನಾದಿದಳು. ಅತ್ತೆ ಕೈಯಲ್ಲಿದ್ದ ಕೊಬ್ಬರಿ ಗಿಟುಕು ಕೆಳಗಿಟ್ಟು ಅವಳನ್ನು ನೋಡಿದಳು. ಎದೆ ಸೋರುತ್ತಿದ್ದರೂ ಮನೆ ಕಡೆ ತಿರುಗಿ ನೋಡದ ಬಾಣಂತಿಯನ್ನು ಯಾವ ಹೆಂಗಸಾದರೂ ನೋಡಬೇಕಾದ್ದೇ.

ನಾದಿ ಮುಗಿಸಿ ಅವಳು ಹೋದಳು. ನಾವು ಉಂಡೆ ಮಾಡಿ, ಲಟ್ಟಿಸಿ, ಹೂರಣ ತುಂಬುತ್ತಾ ಕೂತೆವು. ಊಟದ ಹೊತ್ತು ಕಳೆದ ಮೇಲೆ ಗಂಡಹೆಂಡತಿ ಇಬ್ಬರೂ ಬಂದು ನಮ್ಮ ಕಟ್ಟೆಯ ಕೆಳಗೆ ನಿಂತರು. ಕೂಸು ಈಗ ತೀರಿಕೊಂಡಿತು, ಜಾಗ ಕೊಡಿ ಅಂತ ಅವನು ಮಾವನನ್ನು ಕೇಳಿದ. ಮಾವ ಉಡಿದಾರಕ್ಕೆ ಕೈ ಹಾಕಿದರು. ಆ ಹೊತ್ತಿಗೆ ಅವರಿಗೆ ಕೊಡುವ ಮನಸ್ಸು ಇತ್ತು, ಇಲ್ಲ ಅಂತ ನಾನು ಹೇಳುವುದಿಲ್ಲ.

ಸಭೆಯ ಕೂಸು ಅಂದ ಮೇಲೆ ತೊಳೆಯಲಿಕ್ಕೆ ಅತ್ತೆ ಹೋಗಬೇಕು. ಹೋದಳು. ಬಿಸಿನೀರಿನ ಕೊಡ ಹೊತ್ತುಕೊಂಡು ನಾನೂ ಹಿಂದೆ ಹೋದೆ. ಅತ್ತೆ ಬಟ್ಟೆ ಸರಿಸಿ ಕೂಸಿನ ಕೈ ಎತ್ತಿ ನೋಡಿದಳು, ಕಾಲು ಮಡಚಲಿಕ್ಕೆ ನೋಡಿದಳು. ಅದು ಕಟ್ಟಿಗೆಯ ಹಾಗೆ ಬಿರುಸಾಗಿತ್ತು. ನೀರು ಹಾಕು ಅನ್ನಲಿಲ್ಲ. ಎದ್ದು ನಿಂತಳು.

"ಇದು ಈಗ ಹೋದ ಕೂಸಲ್ಲ. ಇದನ್ನ ಇಲ್ಲಿ ಇಟ್ಟು ನನ್ನ ಪರಾತಕ್ಕೆ ಕೈ ಹಾಕಿದೆಯಲ್ಲೇ."

ಕೂಸಿನ ತಾಯಿ ಸರಿಸಿದ ಬಟ್ಟೆಯನ್ನು ಮತ್ತೆ ಕೂಸಿನ ಮೇಲೆ ಎಳೆದಳು. ಅತ್ತೆ ಕೊಡವನ್ನು ಅಲ್ಲೇ ಬಿಡಿಸಿ ನನ್ನನ್ನು ಎಳೆದುಕೊಂಡು ಮನೆಗೆ ಬಂದಳು.

ಸಂಜೆಗೆ ಕಟ್ಟೆಯ ಮೇಲೆ ಹಿರಿಯರು ಸೇರಿದರು, ಪಾದ್ರಿಯೂ ಬಂದರು. ಮೈಸೂರು ಕಡೆಯವರು, ವಯಸ್ಸು ಚಿಕ್ಕದು, ಮದುವೆ ಇನ್ನೂ ಆಗಿರಲಿಲ್ಲ. ಹಿರಿಯರ ಮನೆಗಳಲ್ಲಿ ಸರದಿ ಪ್ರಕಾರ ಉಣ್ಣುತ್ತಿದ್ದರು. ಆ ವಾರ ಸರದಿ ನಮ್ಮದು. ಅವರು ಮೆತ್ತಗೆ ಹೇಳಿದರು, ಸೂತಕ ಅನ್ನೋದು ನಮ್ಮಲ್ಲಿ ಇಲ್ಲ, ಹಿಟ್ಟಿಗೆ ಕೈ ಹಾಕೋದು ಅಂತಲೂ ಪುಸ್ತಕದಲ್ಲಿ ಎಲ್ಲೂ ಇಲ್ಲ, ಕೂಸಿಗೆ ಜಾಗ ಕೊಟ್ಟುಬಿಡಿ ಅಂತ. ನಾನು ಓದಿದವಳಲ್ಲ, ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅತ್ತೆ ಬಾಗಿಲ ಸಂದಿಯಿಂದಲೇ ಉತ್ತರ ಕೊಟ್ಟಳು.

"ಸೂತಕ ಅಂತ ಯಾರಂದ್ರು ಅಯ್ಯನೋರೆ? ಸುಳ್ಳು ಹೇಳ್ಯಾಳೆ. ಸುಳ್ಳಿಗೆ ನಿಮ್ಮ ಪುಸ್ತಕದಾಗೆ ಜಾಗ ಐತೇನು?"

ಅಲ್ಲಿಂದ ಮುಂದೆ ಯಾರ ಬಾಯಲ್ಲೂ ಸೂತಕ ಅನ್ನುವ ಮಾತು ಬರಲಿಲ್ಲ. ಎಲ್ಲರೂ ಸುಳ್ಳು, ಸುಳ್ಳು ಅಂದರು. ಅವರ ಹೊಟ್ಟೆಯಲ್ಲಿ ಇದ್ದದ್ದು ಸೂತಕವೇ. ಹೆಣದ ಮನೆಯ ಕೈ ಹಿಟ್ಟಿಗೆ ಬಿತ್ತು ಅನ್ನುವುದೇ. ಅದನ್ನು ಚರ್ಚಿನವರು ಬಾಯಿ ಬಿಟ್ಟು ಹೇಳುವಂತಿಲ್ಲ, ಅದಕ್ಕೇ ಹೇಳಬಹುದಾದ ಇನ್ನೊಂದು ಹೆಸರು ಹುಡುಕಿದರು.

ಮಾವ ಹಬ್ಬ ಮುಗಿಯಲಿ, ನಾಡಿದ್ದು ಸಭೆ ಕೂಡಿಸಿ ತೀರ್ಮಾನ ಮಾಡೋಣ ಅಂದರು. ಕಟ್ಟೆಯ ಕೆಳಗೆ ನಿಂತಿದ್ದ ಕೂಸಿನ ಅಪ್ಪ ಆಗ ಒಂದೇ ಮಾತಾಡಿದ.

"ನಾಡಿದ್ದಿನ ತನಕ ಕೂಸು ತಡಿಯಂಗಿಲ್ರಿ ಯಜಮಾನ್ರೆ."

ಮಾವ ಬೀಗದ ಕೈಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡು ಎದ್ದರು. ಮರುದಿನ ಮಾವ ಕ್ರಿಸ್ಮಸ್ಸಿಗೆ ಅಂತ ರಜೆ ಹಾಕಿದ್ದರು. ಮಾವನ ಮಗ್ಗಕ್ಕೆ ಬದ್ಲಿ ಬಂದು ನಿಲ್ಲಬೇಕಾದವನು ಇವನೇ. ಅದು ಇಬ್ಬರಿಗೂ ಗೊತ್ತಿತ್ತು.

ಇನ್ನು ಹಿಟ್ಟು ಏನು ಮಾಡುವುದು? ಹೂರಣ ತುಂಬಿದ ಕರ್ಜಿಕಾಯಿ ಮೊರದ ತುಂಬ ಇದ್ದವು. ಸಕ್ಕರೆ ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ. ಚೆಲ್ಲೋಣ ಅಂತ ಒಬ್ಬಳೂ ಅನ್ನಲಿಲ್ಲ. ಬಿಸಿ ಎಣ್ಣೆಗೆ ಬಿದ್ದ ಮೇಲೆ ಏನೂ ಇಲ್ಲ ಬಿಡ್ರಿ ಅಂದಳು, ಬೆಳಿಗ್ಗೆ ಹಾಲಿನ ಮಾತಾಡಿ ನಕ್ಕವಳೇ. ಅತ್ತೆ ಒಲೆ ಹಚ್ಚಿದಳು. ಎಲ್ಲವನ್ನೂ ಕರಿದೆವು. ಮೊದಲನೆಯದನ್ನು ಪಾದ್ರಿಗೆ ಕೊಟ್ಟೆವು, ತಿಂದರು. ಹಿಟ್ಟು ಎಲ್ಲರ ಹೊಟ್ಟೆಗೂ ಹೋಗುವುದೇ, ಕೂಸಿಗೆ ಮಾತ್ರ ಮಣ್ಣಿಲ್ಲ.

ನನ್ನ ಗಂಡ ಈ ಎಲ್ಲದಕ್ಕೂ ಏನೂ ಅನ್ನಲಿಲ್ಲ. ಅವನು ಬದುಕಿದ್ದಷ್ಟು ಕಾಲವೂ ಯಾವುದಕ್ಕೂ ಏನೂ ಅಂದವನಲ್ಲ.

ನಮ್ಮಪ್ಪ ಹರಿಹರದ ಚರ್ಚಿನ ಕಾವಲಿಗೆ ಇದ್ದ. ಕಸ ಗುಡಿಸುವುದು, ಗಂಟೆ ಹೊಡೆಯುವುದು, ಗುಂಡಿ ತೋಡುವುದು ಎಲ್ಲಾ ಅವನೇ. ಕುಡಿಯುತ್ತಿದ್ದ, ಆದರೆ ಕೆಲಸಕ್ಕೆ ತಪ್ಪಿಸುತ್ತಿರಲಿಲ್ಲ. ಎಲ್ಲಿ ಜಾಗ ಖಾಲಿ ಇದೆ ಅಂತ ಅವನಿಗೆ ಗೊತ್ತು, ಚಿಕ್ಕ ಗುಂಡಿಗೆಲ್ಲ ಯಾರನ್ನೂ ಕೇಳುತ್ತಿರಲಿಲ್ಲ. ಅವತ್ತು ರಾತ್ರಿ ಕರ್ಜಿಕಾಯಿ ಹಂಚಿ ಬಾ ಅಂತ ಅತ್ತೆ ಕಳಿಸಿದಾಗ ಶೆಡ್ಡಿನ ಕಡೆ ಹೋಗಿ, ನಾಳೆ ಹರಿಹರದ ಮೊದಲ ಬಸ್ಸಿಗೆ ಬಾ ಅಂತ ಅವಳಿಗೆ ಹೇಳಿದೆ. ಕೂಸನ್ನು ನಾನು ಹಿಡಿದುಕೊಳ್ಳುತ್ತೇನೆ, ನೀನು ನನ್ನ ಹತ್ತಿರ ಕೂರಬೇಡ ಅಂತಲೂ ಹೇಳಿದೆ. ಹೆಣ ಅಂತ ಗೊತ್ತಾದರೆ ಕಂಡಕ್ಟರ್ ಬಸ್ಸಿನಿಂದ ಇಳಿಸುತ್ತಿದ್ದ. ಅವಳ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ನನ್ನ ಮುಖದಲ್ಲಿ ಚಿಕ್ಕಂದಿನಿಂದಲೂ ಏನೂ ಕಾಣುವುದಿಲ್ಲ.

ಬೆಳಿಗ್ಗೆ ಎದ್ದು ನೀರು ತುಂಬಿಟ್ಟೆ. ತವರಿಗೆ ಹೋಗಿ ಅಪ್ಪನಿಗೆ ಹಬ್ಬದ ಮಾತು ಹೇಳಿ ಬರುತ್ತೇನೆ ಅಂದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಊಟದ ಹೊತ್ತಿಗೆ ಬಾ, ಎಲೆ ಎತ್ತಲು ಜನ ಬೇಕು ಅಂದಳು. ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಯಾವತ್ತೂ ಕೇಳಲಿಲ್ಲ.

ಬಸ್ ಸ್ಟ್ಯಾಂಡಿನ ಹಿಂದೆ ಅವಳು ಕೂಸನ್ನು ನನ್ನ ಕೈಗೆ ಕೊಟ್ಟಳು. ಗಂಡ ಬಂದಿರಲಿಲ್ಲ, ಮಿಲ್ಲಿನ ಕೂಗು ಆಗಲೇ ಆಗಿತ್ತು. ಕೂಸನ್ನು ಕೌದಿಯಲ್ಲಿ ಸುತ್ತಿ, ಮೇಲೆ ನನ್ನ ಸೆರಗು ಹೊದಿಸಿ ಮುಂದಿನ ಸೀಟಿನಲ್ಲಿ ಕೂತೆ. ಅವಳು ಹಿಂದೆ ಕೂತಳು. ಪಕ್ಕದಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡ ಮುದುಕಿಯೊಬ್ಬಳು ಎಂಥ ಸುಮ್ಮನಿರೋ ಕೂಸು, ಮುಖ ತೋರಿಸು ಅಂತ ಸೆರಗಿಗೆ ಕೈ ಹಾಕಲಿಕ್ಕೆ ಬಂದಳು.

"ಬ್ಯಾಡ್ರಿ ಅಜ್ಜಿ, ದೃಷ್ಟಿ ಆಗ್ತೈತೆ," ಅಂದೆ.

ಹೌದೌದು ಅಂತ ಅವಳೇ ನೆಟಿಗೆ ಮುರಿದು ಸುಮ್ಮನಾದಳು.

ಹರಿಹರದಲ್ಲಿ ಅಪ್ಪ ಚರ್ಚಿನ ಅಂಗಳ ಗುಡಿಸುತ್ತಿದ್ದ. ನನ್ನ ಕೈಯಲ್ಲಿದ್ದದ್ದನ್ನು ನೋಡಿದ, ಹಿಂದೆ ನಿಂತವಳನ್ನು ನೋಡಿದ. ಯಾರದು ಅಂತ ಕೇಳಿದ. ದಾವಣಗೆರೆಯವರು ಬಿಡಲಿಲ್ಲ ಅಂದೆ. ಪೊರಕೆ ಗೋಡೆಗೆ ಒರಗಿಸಿ ಗುದ್ದಲಿ ತಂದ. ಹಿಂಬದಿಯ ಗೋಡೆಯ ಬುಡದಲ್ಲಿ ನೆಲ ಮೆತ್ತಗಿತ್ತು, ಬೇಗ ತೋಡಿದ. ಅವಳೇ ಇಳಿಸಿದಳು. ಪ್ರಾರ್ಥನೆ ಹೇಳುವವರು ಯಾರೂ ಇರಲಿಲ್ಲ. ಅಪ್ಪನಿಗೆ ಬರುತ್ತಿದ್ದ ಒಂದೆರಡು ಸಾಲನ್ನು ತಪ್ಪುತಪ್ಪಾಗಿ ಹೇಳಿದ. ಅಷ್ಟರಲ್ಲಿ ಹಬ್ಬದ ಬಟ್ಟೆ ಹಾಕಿಕೊಂಡ ಜನ ಮುಂದಿನ ಗೇಟಿನಿಂದ ಬರತೊಡಗಿದರು.

"ನೀನು ಮುಚ್ಚು, ನಾನು ಗಂಟೆ ಹೊಡೀಬೇಕು," ಅಂದು ಗುದ್ದಲಿ ನನಗೆ ಕೊಟ್ಟು ಓಡಿದ.

ಅವಳು ಗೋಡೆಗೆ ಒರಗಿ ಕೂತಿದ್ದಳು. ಅಳಲಿಲ್ಲ. ಮೇಲೆ ಗಂಟೆ ಹೊಡೆಯತೊಡಗಿತು. ನಾನು ಮಣ್ಣು ಎಳೆದು ಗುಂಡಿ ತುಂಬಿದೆ. ನಾಯಿ ಕೆದರಬಾರದು ಅಂತ ಸೀರೆ ಎತ್ತಿ ಕಟ್ಟಿ ಮೇಲೆ ಹತ್ತಿ ತುಳಿದು ಗಟ್ಟಿ ಮಾಡಿದೆ. ನಾಲ್ಕು ಕಲ್ಲು ಹುಡುಕಿ ತಂದು ಇಟ್ಟೆ.