ಕೋಚ್ ಅಂಟಿಸಿದ ಬಿಳಿ ಟೇಪು

ನಿನ್ನೆ ಬಾಲ್ಕನಿಯ ಕಪಾಟು ಖಾಲಿ ಮಾಡುವಾಗ ಮಗಳ ಹಳೆಯ ಶೂ ಚೀಲದಿಂದ ಬಿಳಿ ಟೇಪಿನ ಸುರುಳಿಯೊಂದು ಉರುಳಿ ಬಿತ್ತು. ಮೂಗಿಗೆ ಹಿಡಿದರೆ ಈಗಲೂ ನೋವಿನ ಮುಲಾಮಿನ ವಾಸನೆ. ಕೋಚ್‌ನ ಕೈಯ ವಾಸನೆ ಅದು...

ಇಟಲಿಯ ಆ ಹೆಂಗಸು ದುಬೈನ ಅಲ್ ಕುಸೈಸ್‌ನಲ್ಲಿ ನಮ್ಮ ಮನೆ ಹಿಂದಿನ ಶಾಲೆಯ ಮೈದಾನದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಓಟ ಕಲಿಸುತ್ತಿದ್ದರು. ತಮ್ಮ ದೇಶದ ಪರವಾಗಿ ನೂರು ಮೀಟರ್, ಇನ್ನೂರು ಮೀಟರ್, ಜೊತೆಗೆ ರಿಲೇಯನ್ನೂ ಓಡಿದವರು ಎಂದು ಎಲ್ಲರೂ ಹೇಳುತ್ತಿದ್ದರು. ನಾನು ನಂಬಲಿಲ್ಲ. ಆಸ್ಪತ್ರೆಯ ರಿಸೆಪ್ಶನ್‌ನಲ್ಲಿ ಕೂತು, ಸಿಕ್ ಲೀವಿಗಾಗಿ ಸೊಂಟ ಹಿಡಿದುಕೊಂಡು ಬರುವವರನ್ನು ದಿನವಿಡೀ ನೋಡುವವಳು ನಾನು. ಇಟಲಿಯ ಪರವಾಗಿ ಓಡಿದವರಿಗೆ ನಮ್ಮ ಮಕ್ಕಳ ಮುಂದೆ ವಿಸಿಲ್ ಊದುವ ದರ್ದು ಏನು? ಪದಕವೆಲ್ಲಿ? ಒಂದು ಫೋಟೋ ಆದರೂ ಬೇಡವೇ?

“ಸಂಶಯ ಮಾಡ್ಲಿಕ್ಕೆ ನಿಂಗೆ ಯಾರಾದ್ರೂ ಸಂಬಳ ಕೊಡ್ತಾರಾ ಮಾರಾಯ್ತಿ?” ಎಂದು ಗಂಡ ಗೇಲಿ ಮಾಡುತ್ತಿದ್ದರು.

ಶಾಲೆಗಳ ಕ್ರೀಡಾಕೂಟ ಹತ್ತಿರ ಬಂತು. ಕೋಚ್ ನನ್ನ ಮಗಳನ್ನು ನೂರು ಮೀಟರ್ ಓಟದಿಂದ ಕೈಬಿಟ್ಟು ರಿಲೇಗೆ ಮಾತ್ರ ಹಾಕಿದರು. ಅವಳ ಜಾಗಕ್ಕೆ ಬಂದವಳು ಅವಳದೇ ತರಗತಿಯ ಇನ್ನೊಬ್ಬ ಹುಡುಗಿ. ಆ ಒಂದು ಓಟಕ್ಕಾಗಿ ವರ್ಷವಿಡೀ ಬೆವರು ಸುರಿಸಿದ್ದ ಮಗಳು ನೆಟ್ಟಗೆ ಊಟ ಮಾಡುವುದನ್ನೇ ಬಿಟ್ಟಳು. ನನಗೆ ಮೈ ಉರಿದುಹೋಯಿತು. ಆ ಹುಡುಗಿಯ ತಾಯಿ ಕೋಚನ್ನು ತನ್ನ ಕಾರಿನಲ್ಲಿ ಮನೆಗೆ ಬಿಡುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಇನ್ನೇನು ಸಾಕ್ಷಿ ಬೇಕು?

ಡ್ಯೂಟಿ ಮುಗಿಸಿ ಸೀದಾ ಮೈದಾನಕ್ಕೆ ಹೋದೆ. ನನ್ನ ಇಂಗ್ಲಿಷಿನ ಬೈಗುಳವನ್ನೆಲ್ಲ ಕೇಳಿಸಿಕೊಂಡ ಕೋಚ್, “ಸ್ವಲ್ಪ ಹೊತ್ತು ನಿಂತು ನೋಡಿ,” ಎಂದಷ್ಟೇ ಹೇಳಿದರು.

ಟ್ರ್ಯಾಕಿನ ಮೇಲೆ ಬಿಳಿ ಟೇಪಿನ ತುಂಡೊಂದನ್ನು ಅಂಟಿಸಿದ್ದರು. ಬ್ಯಾಟನ್ ತರುವವಳು ಆ ಟೇಪನ್ನು ದಾಟಿದ ಕೂಡಲೇ ಮುಂದಿನವಳು ಓಡಲು ಶುರು ಮಾಡಬೇಕು. ಆಮೇಲೆ ತಿರುಗಿ ನೋಡುವಂತಿಲ್ಲ. ಕೂಗು ಕೇಳಿದಾಗ ಕೈಯನ್ನು ಹಿಂದಕ್ಕೆ ಚಾಚಬೇಕು, ಅಷ್ಟೇ. ಬ್ಯಾಟನ್ ತರುವವಳು ಅದೇ ಹುಡುಗಿ, ತೆಗೆದುಕೊಳ್ಳುವವಳು ನನ್ನ ಮಗಳು. ಪ್ರತಿ ಸಲವೂ ಮಗಳು ತಿರುಗಿ ನೋಡಿದಳು, ಪ್ರತಿ ಸಲವೂ ಬ್ಯಾಟನ್ ನೆಲಕ್ಕೆ ಬಿತ್ತು.

“ಅವ್ಳು ಬೇಕಂತಲೇ ಲೇಟ್ ಬರ್ತಾಳೆ ಮಮ್ಮಾ. ಐ ಡೋಂಟ್ ಟ್ರಸ್ಟ್ ಹರ್!”

ಕೋಚ್ ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತು ತಮ್ಮ ಕತೆ ಹೇಳಿದರು. ಒಂದು ದೊಡ್ಡ ಕೂಟದಲ್ಲಿ ನೂರು ಮೀಟರಿನಲ್ಲಿ ತಮ್ಮದೇ ದೇಶದ ಗೆಳತಿಯನ್ನು ಸೋಲಿಸಿದ್ದರಂತೆ. ಮರುದಿನ ರಿಲೇಯಲ್ಲಿ ಬ್ಯಾಟನ್ ತರಬೇಕಾದವಳು ಆ ಗೆಳತಿಯೇ. ಸೇಡು ತೀರಿಸಿಕೊಂಡಾಳು ಎಂಬ ಹುಳ ತಲೆ ಹೊಕ್ಕಿತು. ತಿರುಗಿ ನೋಡಿದರು. ಬ್ಯಾಟನ್ ಬಿತ್ತು. ಮತ್ತೆಂದೂ ಅವರನ್ನು ರಿಲೇಗೆ ಕರೆಯಲಿಲ್ಲ, ಒಬ್ಬರೇ ಓಡಿ ಗೆಲ್ಲುವಷ್ಟು ವೇಗ ಅವರಿಗಿರಲಿಲ್ಲ. ಅಲ್ಲಿಗೆ ಎಲ್ಲ ಖಲಾಸ್.

“ಈ ಸಲ ಇವಳು ಆ ಹುಡುಗಿಯ ಜೊತೆ ಓಡಲಿ. ವಿರುದ್ಧ ಓಡುವುದು ಮುಂದಿನ ವರ್ಷಕ್ಕಿರಲಿ,” ಎಂದರು.

ಕತೆ ಚೆನ್ನಾಗಿ ಕಟ್ಟಿದ್ದಾರೆ ಅಂದುಕೊಂಡೆ. ಮನೆಗೆ ಬಂದು ಫೋನಿನಲ್ಲಿ ಹುಡುಕಿದರೆ ಹಳೆಯ ಮಸುಕು ವಿಡಿಯೋ ಒಂದು ಸಿಕ್ಕಿತು. ಅದೇ ಮೂಗು, ಅದೇ ಗಿಡ್ಡ ಕೂದಲು. ತಿರುಗಿದ ಕುತ್ತಿಗೆ, ಉರುಳುವ ಬ್ಯಾಟನ್. ಆದರೂ, ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಇನ್ನೊಂದು ಸಂಶಯ ಶುರುವಾಯಿತು. ನನ್ನ ಹಣೆಬರಹ!

ರಿಲೇ ದಿನ ಎಲ್ಲರೂ ಟ್ರ್ಯಾಕ್ ನೋಡುತ್ತಿದ್ದರೆ ನಾನು ಕೋಚನ್ನು ನೋಡುತ್ತಿದ್ದೆ. ಅವರು ಟ್ರ್ಯಾಕಿಗೆ ಬೆನ್ನು ಹಾಕಿ ನಿಂತಿದ್ದರು. ಆ ಹುಡುಗಿಯ ಕೂಗು ಕೇಳಿದ್ದೇ ತಡ, ಕೋಚ್‌ನ ಕೈ ತಾನಾಗಿ ಹಿಂದಕ್ಕೆ ಚಾಚಿತು. ನನ್ನ ಮಗಳು ತಿರುಗಿ ನೋಡಲಿಲ್ಲ. ಬ್ಯಾಟನ್ ಬೀಳಲಿಲ್ಲ. ಮೂರನೆಯ ಸ್ಥಾನ ಬಂತು. ಕೋಚ್ ಮುಖ ಮುಚ್ಚಿಕೊಂಡು ಅತ್ತರು. ಅದನ್ನು ಮಾತ್ರ ನಾಟಕ ಅನ್ನಲು ನನ್ನಿಂದಲೂ ಆಗಲಿಲ್ಲ.

ಮುಂದಿನ ವರ್ಷ ಮಗಳು ನೂರು ಮೀಟರ್ ಓಡಿದಳು. ಅದಾದ ಮೇಲೆ ಕೋಚ್ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟರು. ಅಮ್ಮನಿಗೆ ಹುಷಾರಿಲ್ಲ ಅಂದರು. ಅದನ್ನೂ ನಾನು ಪೂರ್ತಿ ನಂಬಿರಲಿಲ್ಲ. ಹೋಗುವಾಗ ಈ ಟೇಪನ್ನು ಮಗಳ ಕೈಗಿಟ್ಟಿದ್ದರು.

ನಿನ್ನೆ ಅದರ ಫೋಟೋ ತೆಗೆದು ಅವರ ನಂಬರಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಒಂದೇ ಟಿಕ್. ಇವತ್ತು ಬೆಳಿಗ್ಗೆಯೂ ಒಂದೇ ಟಿಕ್. ಕೊನೆಗೆ ಅಂದು ಕಾರಿನಲ್ಲಿ ಬಿಡುತ್ತಿದ್ದ ಆ ತಾಯಿಗೆ ಫೋನು ಮಾಡಿದೆ.

“ಅಯ್ಯೋ, ನಿಮ್ಗೆ ಗೊತ್ತಿಲ್ವಾ? ಕೋಚ್ ಹೋದ ತಿಂಗ್ಳು ತೀರಿಹೋದ್ರಂತೆ.”

“ಅಂತೆ” ಅಂದರೆ ಏನರ್ಥ? ಇವಳಿಗೆ ಹೇಳಿದವರು ಯಾರು? ಕಣ್ಣಾರೆ ಕಂಡವರಿದ್ದಾರಾ? ಫೋನು ಹಾಳಾಗಿರಬಹುದು, ನಂಬರ್ ಬದಲಾಗಿರಬಹುದು... ಟೇಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಿದ್ದೇನೆ. ಅವರ ವಿಷಯದಲ್ಲಿ ನಾನು ಪಟ್ಟ ಸಂಶಯವೆಲ್ಲ ಸುಳ್ಳಾಗಿತ್ತು. ದೇವರೇ, ಇದೊಂದು ಸಂಶಯವಾದರೂ ನಿಜವಾಗಲಿ.