ಮಡಿಲ ಬಿಸಿಗೆ ಮುದುಡಿದ ಜೆಲ್

ನನಗೆ ಒಂದು ಕಡೆ ಸುಮ್ಮನೆ ನಿಲ್ಲಲು ಬರುವುದಿಲ್ಲ. ಅವತ್ತು ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೊರಟ ಬಸ್ಸಿನಲ್ಲಿ ನಿಂತೇ ಹೋಗಬೇಕಾಯಿತು, ಕೈಯಲ್ಲಿ ಬೇರೆ ಸ್ಟೀಲ್ ಡಬ್ಬಿ. ಅದರೊಳಗೆ, ಒದ್ದೆ ಬಟ್ಟೆಯ ನಡುವೆ, ನಾನೇ ಮಾಡಿದ ಜೆಲ್ಲಿನ ಪಟ್ಟಿಗಳು. ಎಳನೀರಿನ ತೆಳು ಗಂಜಿಯಂಥವು. ಸುಟ್ಟ ಗಾಯಕ್ಕೆ ಹಾಕಲಿಕ್ಕೆ. ಮೈಬಿಸಿ ತಾಗಿದರೆ ಕುಗ್ಗಿ, ಗಟ್ಟಿಯಾಗಿ ಗಾಯವನ್ನು ಹಿಡಿದುಕೊಳ್ಳಬೇಕು. ತಣ್ಣೀರು ಹಾಕಿದರೆ ಹಿಗ್ಗಿ, ಮೆತ್ತಗಾಗಿ, ನೋಯಿಸದೆ ಬಿಟ್ಟುಬರಬೇಕು. ಎಳೆದು ಬಲ ನೋಡುವ ಯಂತ್ರ ಹಾಸನದ ಕಾಲೇಜೊಂದರಲ್ಲಿತ್ತು, ಅದೂ ಆ ಮಧ್ಯಾಹ್ನ ಮಾತ್ರ ನನಗೆ ಸಿಕ್ಕಿತ್ತು. ಅಲ್ಲಿ ಪಾಸಾದರೆ ಆಸ್ಪತ್ರೆಯ ರೋಗಿಗಳ ಮೇಲೆ ಪರೀಕ್ಷಿಸಲು ನನ್ನ ಪಿಎಚ್‌ಡಿ ಗೈಡ್ ಅರ್ಜಿ ಹಾಕುವವರಿದ್ದರು.

ನಮ್ಮ ಕಡೆ ನಿಂತವರ ಚೀಲ, ಮಗು, ಏನಿದ್ದರೂ ಕೂತವರ ತೊಡೆಗೆ ಹೋಗುತ್ತದೆ. ನುಗ್ಗೇಹಳ್ಳಿ ಕಡೆಯ ಹೆಂಗಸೊಬ್ಬರು ಡಬ್ಬಿ ಇಸಿದುಕೊಂಡರು. ಅಲುಗಿಸಬೇಡಿ ಎಂದು ಹೇಳುವಷ್ಟರಲ್ಲಿ ಜನ ನನ್ನನ್ನು ಹಿಂದಕ್ಕೆ ನೂಕಿದರು. ಶಾಂತಿಗ್ರಾಮ ದಾಟುವವರೆಗೂ ಕತ್ತು ಚಾಚಿ ಚಾಚಿ ಸಾಕಾಯಿತು.

ಹಾಸನದಲ್ಲಿ ಇಳಿದವಳೇ, ಜೊತೆಗೇ ಇಳಿದ ಆ ಹೆಂಗಸಿನ ಕೈಯಿಂದ ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದೆ. ಅಯ್ಯೋ! ಪಟ್ಟಿಗಳು ಬೆಳ್ಳಗಾಗಿ, ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಅಲ್ಲಲ್ಲಿ ಬಿರುಕು. ಏನು ಮಾಡಿದಿರಿ ಎಂದು ಅಲ್ಲೇ ರೇಗಿದೆ.

"ಬಿಸ್ಲು ಒಡೀತಿತ್ತು ಕಣವ್ವ. ಅದ್ಕೇ ಸೆರಗ್ ಮುಚ್ಚಿ ಅವುಚ್ಕಂಡಿದ್ದೆ," ಅಂದರು. ಅವರ ಮುಖ ಸಪ್ಪಗಾಯಿತು. ನಾನು ತಿರುಗಿಯೂ ನೋಡದೆ ಆಟೋ ಹತ್ತಿದೆ.

ಕಾಲೇಜಿನಲ್ಲಿ ತಣ್ಣೀರಲ್ಲಿ ಹಾಕಿದೆ. ಹಿಗ್ಗಿದವು, ತಿಳಿಯಾದವು, ಬಿರುಕು ಮಾತ್ರ ಹಾಗೇ ಉಳಿಯಿತು. ಯಂತ್ರ ಒಂದಿಷ್ಟು ಎಳೆಯುತ್ತಲೇ ಎಲ್ಲವೂ ಬಿರುಕಿನಲ್ಲೇ ಹರಿದವು.

ಕಾರಿಡಾರಿನಲ್ಲಿ ಆ ಹೆಂಗಸನ್ನು ಬೈದುಕೊಳ್ಳುತ್ತಾ ಅತ್ತಿಂದಿತ್ತ ಓಡಾಡಿದೆ. ನಮ್ಮ ಲ್ಯಾಬಿನಲ್ಲಿ ಒಂದು ಸಲವಾದರೂ ಹೀಗಾಗಿತ್ತೇ? ಆಗುವುದು ಹೇಗೆ? ಅಲ್ಲಿ ನೀರಿನಲ್ಲಿ ಮುಳುಗಿಸಿ, ಸುತ್ತಲೂ ಒಂದೇ ಸಮ, ನಿಧಾನವಾಗಿ ಬಿಸಿ ಮಾಡುತ್ತಿದ್ದೆವು. ಅವರ ಮಡಿಲಲ್ಲಿ ಬಿಸಿ ತಾಗಿದ್ದು ಕೆಳಗಿನಿಂದ ಮಾತ್ರ. ಕೆಳಮಗ್ಗುಲು ಕುಗ್ಗಿತು, ಮೇಲ್ಮಗ್ಗುಲು ಕುಗ್ಗಲಿಲ್ಲ, ಆ ಎಳೆದಾಟಕ್ಕೇ ಬಿರುಕು. ಮನುಷ್ಯರ ಮೈಮೇಲೆ ಇಟ್ಟರೂ ಅಷ್ಟೇ ತಾನೇ? ಓಡಾಡುತ್ತಿದ್ದವಳು ಅಲ್ಲೇ ನಿಂತೆ.

ಅಷ್ಟರಲ್ಲಿ ಗೈಡ್ ಫೋನು. ಅರ್ಜಿ ಸಿದ್ಧವಾಗಿದೆ, ಕಳಿಸಿಬಿಡಲಾ ಎಂದು ಕೇಳಿದರು. ಎಂದೂ ಇಲ್ಲದ ಖುಷಿ ಅವರ ದನಿಯಲ್ಲಿತ್ತು.

"ಬೇಡ ಸರ್," ಅಂದೆ. "ಗಾಯದ ಮೇಲೆ ಬಿರುಕು ಬಿಡುತ್ತೆ."